ಸೂಜಿ ಚುಚ್ಚಿದ ಮೇಲಿನ ಗಂಟೆಗಳನ್ನು ಎಣಿಸಿ: ಅವಳಿ ನಗರದ ಆಸ್ಪತ್ರೆಗಳ ಕುರಿತು ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಧಾರವಾಡ ಜಿಲ್ಲೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಹಾಗೂ ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳ ಮುಖ್ಯಸ್ಥರು ಮತ್ತು ವೈದ್ಯಕೀಯ ಕಾಲೇಜುಗಳ ಅಧ್ಯಾಪಕರು

ಮಾನ್ಯರೇ,

ಹುಬ್ಬಳ್ಳಿಯ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ 29 ವರ್ಷ ಶುಶ್ರೂಷೆ ಮಾಡಿ ನಿವೃತ್ತಳಾದವಳು ನಾನು. ಹೆರಿಗೆ ವಾರ್ಡಿನಲ್ಲಿ ಕೆಲಸ ಆರಂಭಿಸಿ, ಬಹುಕಾಲ ಕ್ಯಾಶುವಾಲ್ಟಿ ಮತ್ತು ಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿದ್ದು, ಕೊನೆಯ ಆರು ವರ್ಷ ಸೋಂಕು ನಿಯಂತ್ರಣದ ಹೊಣೆ ಹೊತ್ತಿದ್ದೆ. ಎಚ್‌ಐವಿ ಎಂಬ ಹೆಸರು ಕೇಳಿದರೆ ವಾರ್ಡಿಗೆ ವಾರ್ಡೇ ಸ್ತಬ್ಧವಾಗುತ್ತಿದ್ದ ಕಾಲವನ್ನೂ, 2004ರ ಏಪ್ರಿಲ್‌ನಲ್ಲಿ ದೇಶದಲ್ಲಿ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ) ಆರಂಭವಾದ ಮೇಲೆ ಸಾಯುತ್ತಾರೆಂದು ಮನೆಯವರು ಕೈಬಿಟ್ಟಿದ್ದವರು ಎದ್ದು ಹೊಲದ ಕೆಲಸಕ್ಕೆ ಮರಳಿದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ ವಿಷಯ. ಎಚ್‌ಐವಿ ತಡೆಯ ಬಗ್ಗೆ ಜಗತ್ತಿನ ಸಂಶೋಧನೆ ಅನುಮಾನಕ್ಕೆ ಎಡೆಯಿಲ್ಲದ ಉತ್ತರಗಳನ್ನು ಕೊಟ್ಟು ವರ್ಷಗಳೇ ಕಳೆದಿವೆ. ಆ ಉತ್ತರಗಳು ನಮ್ಮ ಊರಿನ ಆಸ್ಪತ್ರೆಯ ಹಾಸಿಗೆಯವರೆಗೆ ಬರಲು ಎಷ್ಟು ಗಂಟೆ, ಎಷ್ಟು ದಿನ ಹಿಡಿಯುತ್ತಿವೆ ಎಂಬುದನ್ನು ಇಲ್ಲಿಯೇ, ನಮ್ಮ ಆಸ್ಪತ್ರೆಗಳಲ್ಲಿಯೇ ಲೆಕ್ಕ ಹಾಕಬೇಕು, ಮತ್ತು ಆ ಲೆಕ್ಕವನ್ನು ಜನರ ಮುಂದೆ ಇಡಬೇಕು.

ಇದು ನನ್ನ ತಲೆಗೆ ಹೊಕ್ಕಿದ್ದು ಒಂದು ಶನಿವಾರದ ರಾತ್ರಿ ಪಾಳಿಯಲ್ಲಿ. ಆಸ್ಪತ್ರೆಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಶಿಕ್ಷೆ ತಗಲುವುದು ಆ ರಾತ್ರಿ ಕೆಲಸದಲ್ಲಿದ್ದ ಕೆಳಗಿನವರಿಗೇ ಹೊರತು ವ್ಯವಸ್ಥೆಗಲ್ಲ. ರಾತ್ರಿ ಎರಡು ಗಂಟೆ ದಾಟಿತ್ತು. ಹೊರಗುತ್ತಿಗೆಯ ಮೇಲೆ ಬಂದಿದ್ದ ಸ್ವಚ್ಛತಾ ಕೆಲಸದ ಹುಡುಗಿ, ಇಪ್ಪತ್ಮೂರು-ಇಪ್ಪತ್ನಾಲ್ಕರ ಪ್ರಾಯದವಳು, ಡ್ರೆಸ್ಸಿಂಗ್ ಮಾಡಿದ ಹತ್ತಿ, ಬ್ಯಾಂಡೇಜ್ ತುಂಬಿದ ಹಳದಿ ಚೀಲದ ಬಾಯಿ ಕಟ್ಟುತ್ತಿದ್ದಳು. 2016ರ ಜೈವಿಕ ತ್ಯಾಜ್ಯ ನಿಯಮದ ಪ್ರಕಾರ ಸೂಜಿ ಆ ಚೀಲದಲ್ಲಿ ಇರಲೇಬಾರದು. ಅದಕ್ಕೆಂದೇ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ ಇರುತ್ತದೆ. ಆದರೆ ಗೋಡೆಗೆ ಒತ್ತಿ ಇಟ್ಟಿದ್ದ ಆ ಬಿಳಿ ಡಬ್ಬಿ ಬಾಯಿಯವರೆಗೆ ತುಂಬಿತ್ತು, ಅವಸರದಲ್ಲಿದ್ದ ಯಾರೋ ಸೂಜಿಯನ್ನು ಹತ್ತಿಯೊಳಗೆ ಹಾಕಿ ಹೋಗಿದ್ದರು. ಚೀಲ ಎಳೆದು ಗಂಟು ಹಾಕುವಾಗ ಅದು ಅವಳ ತೆಳುವಾದ ಕೈಗವಸನ್ನು ದಾಟಿ ಎಡಗೈ ತೋರುಬೆರಳಿಗೆ ಇಳಿಯಿತು. ಆ ಕೋಣೆಯಲ್ಲಿದ್ದ ಒಬ್ಬನೇ ರೋಗಿಗೆ ಎಚ್‌ಐವಿ ಇದೆಯೆಂದು ಕೇಸ್ ಶೀಟ್‌ನಲ್ಲಿ ಬರೆದಿತ್ತು. ಅವಳು ಓಡಿ ಬಂದು ನನ್ನ ಮುಂದೆ ಬೆರಳು ಹಿಡಿದು ನಿಂತಳು. "ಸಿಸ್ಟರ್, ಮನ್ಯಾಗ ಸಣ್ಣ ಕೂಸು ಐತ್ರಿ, ಹಾಲು ಕುಡಸ್ತೀನ್ರಿ" ಎಂದಳು. ಅಷ್ಟರಲ್ಲಿ ಪಕ್ಕದಲ್ಲಿದ್ದವರೊಬ್ಬರು ಬೆರಳನ್ನು ಹಿಂಡಿ ರಕ್ತ ತೆಗೆಯಲು ಹೋದರು, ಇನ್ನೊಬ್ಬರು ಸ್ಪಿರಿಟ್ ಬಾಟಲಿ ತಂದರು. ಎರಡೂ ತಪ್ಪು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು, ಹಿಂಡಬಾರದು, ಉಜ್ಜಬಾರದು. ತೊಳೆದೆವು. ಆಮೇಲೆ ಮಾತ್ರೆ ಬೇಕಲ್ಲ. ಮಾತ್ರೆ ಇದ್ದ ಕಪಾಟಿನ ಬೀಗದ ಕೈ ಇನ್‌ಚಾರ್ಜ್ ಅವರ ಬಳಿ ಇತ್ತು, ಅವರು ರಜೆಗೆಂದು ಗದಗಿಗೆ ಹೋಗಿದ್ದರು. ಡ್ಯೂಟಿ ಡಾಕ್ಟರ್ ಹೊಸಬರು. "ಸೋಮವಾರ ನೋಡೋಣ" ಎಂದರು. ಅವಳ ಬಾಯಿಗೆ ಮೊದಲ ಮಾತ್ರೆ ಬಿದ್ದದ್ದು ಸೋಮವಾರ ಬೆಳಿಗ್ಗೆ ಒಂಬತ್ತರ ನಂತರ, ಅಂದರೆ 31 ಗಂಟೆಗಳ ಮೇಲೆ. ಆ ರಾತ್ರಿಯೇ ಅವಳನ್ನು ಬೇರೆ ಆಸ್ಪತ್ರೆಗೆ ಕಳಿಸಿ ಎಂದು ನಾನು ಹಟ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಆ ತಪ್ಪು ನನ್ನದೂ ಹೌದು.

ಸೂಜಿ ಚುಚ್ಚಿದ ಮೇಲೆ ತೆಗೆದುಕೊಳ್ಳುವ ಈ ಮುಂಜಾಗ್ರತಾ ಚಿಕಿತ್ಸೆಯನ್ನು ನಾವು ಪಿಇಪಿ ಎನ್ನುತ್ತೇವೆ. ಸಾಧ್ಯವಾದರೆ ಎರಡು ಗಂಟೆಯೊಳಗೆ ಆರಂಭವಾಗಬೇಕು, 72 ಗಂಟೆ ಮೀರಿದರೆ ಪ್ರಯೋಜನವಿಲ್ಲ, ಒಮ್ಮೆ ಶುರು ಮಾಡಿದರೆ 28 ದಿನ ತಪ್ಪದೆ ನುಂಗಬೇಕು. ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದಾಗ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ 0.3, ಅಂದರೆ ಸಾವಿರ ಸಲಕ್ಕೆ ಮೂರು. ಅಮೆರಿಕ, ಫ್ರಾನ್ಸ್ ಮುಂತಾದ ದೇಶಗಳ ಆಸ್ಪತ್ರೆ ಸಿಬ್ಬಂದಿಯ ಪ್ರಕರಣಗಳನ್ನು ಹೋಲಿಸಿ 1997ರಲ್ಲಿ ಪ್ರಕಟವಾದ ಅಧ್ಯಯನವು, ಚುಚ್ಚಿದ ಮೇಲೆ ಜಿಡೊವುಡಿನ್ ಎಂಬ ಒಂದೇ ಔಷಧ ತೆಗೆದುಕೊಂಡವರಲ್ಲಿ ಆ ಅಪಾಯ ಸುಮಾರು ಶೇ 81ರಷ್ಟು ಕಡಿಮೆಯಾಗಿದ್ದನ್ನು ತೋರಿಸಿತು. ಈಗ ನಾವು ಕೊಡುವುದು ಅದಕ್ಕಿಂತ ಬಲವಾದ ಮೂರು ಔಷಧಗಳ ಜೋಡಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರಿಗಂತೂ ಅದೇ ಸೂಜಿಯಿಂದ ಆ ರೋಗ ತಗಲುವ ಸಾಧ್ಯತೆ ಎಚ್‌ಐವಿಗಿಂತ ಹತ್ತಾರು ಪಟ್ಟು ಹೆಚ್ಚು. ಆ ಹುಡುಗಿಗೆ ಲಸಿಕೆ ಆಗಿತ್ತೇ ಎಂದು ಕೇಳಿದರೆ, ಗುತ್ತಿಗೆದಾರರಿಗೂ ಗೊತ್ತಿರಲಿಲ್ಲ, ಆಸ್ಪತ್ರೆಗೂ ಗೊತ್ತಿರಲಿಲ್ಲ.

ಇಷ್ಟೆಲ್ಲ ಜ್ಞಾನ ಕೈಯಲ್ಲಿದ್ದೂ ಅದು ಒಂದು ಕಪಾಟಿನ ಬೀಗದ ಮುಂದೆ ನಿಂತುಬಿಟ್ಟಿತು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದೆಂದರೆ, ಅಪಘಾತದ ವಹಿಯಲ್ಲಿ ಆ ಘಟನೆ ದಾಖಲಾಗಲಿಲ್ಲ, ಏಕೆಂದರೆ ಅವಳು "ನಮ್ಮ ಸಿಬ್ಬಂದಿ ಅಲ್ಲ". ದಾಖಲಾಗದ್ದರಿಂದ ಆ 31 ಗಂಟೆ ಯಾವ ಸಭೆಯಲ್ಲೂ ಚರ್ಚೆಗೆ ಬರಲಿಲ್ಲ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿಗೆ ಒಡ್ಡಿಕೊಳ್ಳುವ ಅಪಾಯವಿರುವ ಕೆಲಸದ ಜಾಗದಲ್ಲಿ ಸುರಕ್ಷತಾ ಸಾಧನಗಳನ್ನೂ, ಒಡ್ಡಿಕೊಂಡವರಿಗೆ ಪಿಇಪಿಯನ್ನೂ, ತರಬೇತಿಯನ್ನೂ ಒದಗಿಸಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಕಸ ಕಟ್ಟುವವರ ಸಂಬಳ ಯಾರ ಖಾತೆಯಿಂದ ಬರುತ್ತದೆ ಎಂಬುದು ಸೂಜಿಗೆ ಗೊತ್ತಾಗುವುದಿಲ್ಲ.

ನಾನು ಕೇಳುವ ಮೊದಲ ಲೆಕ್ಕ ಹೀಗೆ ಬಹಳ ಸರಳವಾದದ್ದು. ಜಿಲ್ಲೆಯ ಪ್ರತಿ ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಸೂಜಿ ಚುಚ್ಚಿದ ಪ್ರತಿಯೊಂದು ಪ್ರಕರಣದಲ್ಲೂ ಚುಚ್ಚಿದ ಹೊತ್ತು ಮತ್ತು ಮೊದಲ ಮಾತ್ರೆ ನುಂಗಿದ ಹೊತ್ತು, ಈ ಎರಡನ್ನು ಬರೆದಿಡಲಿ. ಗುತ್ತಿಗೆ ನೌಕರರು, ನರ್ಸಿಂಗ್ ವಿದ್ಯಾರ್ಥಿಗಳು, ಇಂಟರ್ನ್‌ಗಳು ಎಲ್ಲರೂ ಆ ವಹಿಯಲ್ಲಿ ಇರಲಿ. ಮೂರು ತಿಂಗಳಿಗೊಮ್ಮೆ ಆ ಅಂತರವನ್ನು ಜಿಲ್ಲಾ ಮಟ್ಟದಲ್ಲಿ ಕೂಡಿಸಿ ನೋಡಿದರೆ ಯಾವ ಪಾಳಿಯಲ್ಲಿ, ಯಾವ ವಾರದಲ್ಲಿ, ಯಾವ ಬಗೆಯ ಆಸ್ಪತ್ರೆಯಲ್ಲಿ ಗಂಟೆಗಳು ಸೋರಿ ಹೋಗುತ್ತಿವೆ ಎಂಬುದು ತಾನಾಗಿಯೇ ಕಾಣುತ್ತದೆ.

ಎರಡನೆಯ ಲೆಕ್ಕ ರೋಗಿಗಳದ್ದು. ನವಲಗುಂದ ಕಡೆಯ ಹಳ್ಳಿಯೊಂದರಿಂದ, ಪಿತ್ತಕೋಶದಲ್ಲಿ ಕಲ್ಲಾಗಿ ಹೊಟ್ಟೆನೋವು ತಾಳಲಾರದೆ ಬಂದಿದ್ದ ನಲವತ್ತರ ಆಸುಪಾಸಿನ ಹೆಣ್ಣುಮಗಳು ನನಗೆ ಈಗಲೂ ನೆನಪಾಗುತ್ತಾಳೆ. ಒಂಬತ್ತು ವರ್ಷಗಳಿಂದ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ದಾಖಲಾಗುವಾಗ ತಾನೇ ಹೇಳಿದ್ದಳು. ಯಾರೂ ಕೇಳಿರಲಿಲ್ಲ, ವೈದ್ಯರಿಗೆ ಗೊತ್ತಿರಲಿ ಎಂದು ಅವಳೇ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ಅಕ್ಷರ ಬಿದ್ದಿತ್ತು, ಪಕ್ಕದ ಹಾಸಿಗೆಯವರ ಕಡೆಯವರು ಅದನ್ನು ಓದಿ ತಮ್ಮ ತಟ್ಟೆ-ಲೋಟ ಬೇರೆ ಕಡೆ ಸರಿಸಿದ್ದರು. ಶಸ್ತ್ರಚಿಕಿತ್ಸೆಯ ದಿನಾಂಕ ಮೂರು ಸಲ ಮುಂದೆ ಹೋಯಿತು. ಒಮ್ಮೆ ಓಟಿ ಖಾಲಿ ಇಲ್ಲ, ಒಮ್ಮೆ ಅರಿವಳಿಕೆ ವೈದ್ಯರಿಲ್ಲ, ಮೂರನೆಯ ಸಲ ದೊಡ್ಡ ಆಸ್ಪತ್ರೆಗೆ ರೆಫರ್. ಅವಳು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಪ್ಲಾಸ್ಟಿಕ್ ಚೀಲದಿಂದ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುವ, ನಾಲ್ಕು ಮಡಿಕೆಯ ವೈರಲ್ ಲೋಡ್ ವರದಿ ತೆಗೆದು ನನ್ನ ಮುಂದೆ ಬಿಚ್ಚಿದಳು. "ಟಾರ್ಗೆಟ್ ನಾಟ್ ಡಿಟೆಕ್ಟೆಡ್" ಎಂದಿತ್ತು. "ಇದರಾಗ ಏನೂ ಕಾಣವಲ್ದು ಅಂತ ಅವ್ರ ಬರದಾರಲ್ರಿ ಸಿಸ್ಟರ್, ಮತ್ತ ನನ್ನ ಯಾಕ ಹೊರಗ ಹಾಕ್ತಾರ್ರಿ?" ಎಂದು ಕೇಳಿದಳು. ರೆಫರಲ್ ಚೀಟಿಯಲ್ಲಿ ಕಾರಣದ ಜಾಗದಲ್ಲಿ "ಹೆಚ್ಚಿನ ಚಿಕಿತ್ಸೆಗಾಗಿ" ಎಂದಷ್ಟೇ ಬರೆದಿತ್ತು. ಅವಳಿಗೆ ಬೇಕಿದ್ದದ್ದು ಆ ಆಸ್ಪತ್ರೆಯಲ್ಲಿ ವಾರಕ್ಕೆ ನಾಲ್ಕಾರು ಆಗುತ್ತಿದ್ದ ಸಾಮಾನ್ಯ ಶಸ್ತ್ರಚಿಕಿತ್ಸೆ.

ಅವಳ ಕೈಯಲ್ಲಿದ್ದ ಆ ಕಾಗದದ ಹಿಂದೆ ದೊಡ್ಡ ಸಂಶೋಧನೆಯ ಬಲವಿದೆ. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ 1,763 ಜೋಡಿಗಳನ್ನು ಒಂಬತ್ತು ದೇಶಗಳಲ್ಲಿ ಅನುಸರಿಸಿದ ಎಚ್‌ಪಿಟಿಎನ್ 052 ಎಂಬ ಅಧ್ಯಯನದಲ್ಲಿ ನಮ್ಮ ಪುಣೆ, ಚೆನ್ನೈಗಳೂ ಸೇರಿದ್ದವು. ಬೇಗ ಎಆರ್‌ಟಿ ಆರಂಭಿಸಿದರೆ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ಕಡಿಮೆಯಾಗುತ್ತದೆ ಎಂದು 2011ರಲ್ಲಿ ಅದು ತೋರಿಸಿತು. ನಂತರ ಯುರೋಪಿನಲ್ಲಿ ನಡೆದ ಪಾರ್ಟ್ನರ್ ಅಧ್ಯಯನಗಳು, ವೈರಸ್ ಪರೀಕ್ಷೆಗೆ ಸಿಗದಷ್ಟು ಅಡಗಿದ್ದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ದಾಟಿದ ಒಂದೂ ಪ್ರಕರಣ ಸಿಗಲಿಲ್ಲವೆಂದು ವರದಿ ಮಾಡಿದವು. ಪತ್ತೆಯಾದ ಎಲ್ಲರಿಗೂ ಸಿಡಿ4 (ರಕ್ತದಲ್ಲಿನ ರೋಗನಿರೋಧಕ ಕಣಗಳ ಎಣಿಕೆ) ಎಷ್ಟೇ ಇರಲಿ ಚಿಕಿತ್ಸೆ ಕೊಡಬೇಕೆಂದು ಭಾರತ 2017ರಲ್ಲಿ ತೀರ್ಮಾನಿಸಿದ್ದು ಇಂಥ ಸಾಕ್ಷ್ಯಗಳ ಮೇಲೆಯೇ. ಲೈಂಗಿಕ ಸಂಪರ್ಕದ ಈ ಫಲಿತಾಂಶವನ್ನು ಓಟಿಯ ಸೂಜಿಗೆ ಹಾಗೆಯೇ ಅನ್ವಯಿಸಬಾರದು ಎಂಬುದು ನನಗೆ ಗೊತ್ತು. ವೈರಲ್ ಲೋಡ್ ಕಡಿಮೆಯಿದ್ದಷ್ಟೂ ಅಲ್ಲಿಯೂ ಅಪಾಯ ಕಡಿಮೆ, ಆದರೂ ಸೂಜಿ ಚುಚ್ಚಿದರೆ ಪಿಇಪಿ ವಿಚಾರ ಮಾಡಲೇಬೇಕು. ಆದರೆ ಮಾತ್ರೆ ತಪ್ಪದೆ ನುಂಗಿ ವೈರಸ್ ಅಡಗಿಸಿಕೊಂಡು ಬಂದು ಇದ್ದದ್ದನ್ನು ಇದ್ದಂತೆ ಹೇಳಿದವಳು ಹೊರಗೆ ಹೋಗಬೇಕಾಯಿತು. ಅದೇ ವಾರ, ತನಗೆ ಸೋಂಕಿದೆಯೆಂದೇ ತಿಳಿಯದ ಎಷ್ಟೋ ಜನ ಅದೇ ಓಟಿಯ ಮೇಜಿನ ಮೇಲೆ ಮಲಗಿ ಎದ್ದು ಹೋಗಿರಬಹುದು.

ಶಸ್ತ್ರಚಿಕಿತ್ಸೆಗೆ ಮುಂಚೆ ಎಲ್ಲರಿಗೂ ಎಚ್‌ಐವಿ ಪರೀಕ್ಷೆ ಮಾಡಿಸುತ್ತೇವಲ್ಲ ಎಂದು ತಾವು ಹೇಳಬಹುದು. ಸೋಂಕು ತಗಲಿದ ಮೊದಲ ವಾರಗಳಲ್ಲಿ, ನಾವು ವಿಂಡೋ ಅವಧಿ ಎನ್ನುವ ಕಾಲದಲ್ಲಿ, ರಕ್ತದಲ್ಲಿ ವೈರಸ್ ತುಂಬಿದ್ದರೂ ರ‍್ಯಾಪಿಡ್ ಪರೀಕ್ಷೆ ನೆಗೆಟಿವ್ ತೋರಿಸಬಹುದು. ನೆಗೆಟಿವ್ ಚೀಟಿ ನೋಡಿ ಕೈ ಸಡಿಲ ಬಿಟ್ಟ ದಿನವೇ ಅಪಾಯದ ದಿನ. ಪ್ರತಿಯೊಬ್ಬ ರೋಗಿಯ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ಎಣಿಸಿ ಕೆಲಸ ಮಾಡಬೇಕೆಂಬ ನಿಯಮ 1980ರ ದಶಕದಲ್ಲಿಯೇ ಬಂದದ್ದು ಈ ಕಾರಣಕ್ಕೆ. ಮೇಲಾಗಿ ಆ ಪರೀಕ್ಷೆಯನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ಆಪ್ತಸಮಾಲೋಚನೆ ಕೊಟ್ಟು ಮಾಡಬೇಕೆಂದು 2017ರ ಕಾಯ್ದೆ ಹೇಳುತ್ತದೆ. "ಆಪರೇಷನ್ನಿಗೆ ಬೇಕಾದ ರಕ್ತಪರೀಕ್ಷೆ" ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನಾನು ಒಪ್ಪಿಗೆ ಎನ್ನಲಾರೆ.

ಆದ್ದರಿಂದ ಬರೆದಿಡಬೇಕಾದ ಅಂತರ ಇನ್ನೊಂದಿದೆ. ಆಸ್ಪತ್ರೆಯಲ್ಲಿ ಪರೀಕ್ಷೆ ಪಾಸಿಟಿವ್ ಬಂದ ದಿನಕ್ಕೂ, ಆ ವ್ಯಕ್ತಿ ಐಸಿಟಿಸಿಯಲ್ಲಿ (ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯ ಸರ್ಕಾರಿ ಕೇಂದ್ರ) ಖಚಿತಪಡಿಸಿಕೊಂಡು ಎಆರ್‌ಟಿ ಕೇಂದ್ರದಲ್ಲಿ ಮೊದಲ ಮಾತ್ರೆ ತೆಗೆದುಕೊಂಡ ದಿನಕ್ಕೂ ಎಷ್ಟು ದಿನ ಕಳೆಯಿತು? ಅವರಿಗೆ ಬೇಕಿದ್ದ ಮೂಲ ಶಸ್ತ್ರಚಿಕಿತ್ಸೆ ಅದೇ ಆಸ್ಪತ್ರೆಯಲ್ಲಿ ಆಯಿತೇ, ಬೇರೆಡೆಗೆ ಹೋಯಿತೇ, ಆಗಲೇ ಇಲ್ಲವೇ? ಖಾಸಗಿ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಪಾಸಿಟಿವ್ ಬಂದು, ಯಾರೂ ಕೂತು ಎರಡು ಮಾತು ಹೇಳದೆ, ಕೈಗೆ ಚೀಟಿ ಕೊಟ್ಟು ಕಳಿಸಿದವರು ಊರಿಗೆ ಹೋಗಿ ಆ ಚೀಟಿಯನ್ನು ಒಲೆಗೆ ಹಾಕಿದ್ದೂ ಉಂಟು. ಮತ್ತೆ ನಮ್ಮ ಕ್ಯಾಶುವಾಲ್ಟಿಗೆ ಬಂದಾಗ ಕ್ಷಯ ಮೆದುಳಿಗೆ ಏರಿರುತ್ತಿತ್ತು.

ಉತ್ತರ ಕರ್ನಾಟಕಕ್ಕೆ ಎಚ್‌ಐವಿ ಸಂಶೋಧನೆ ಹೊಸದಲ್ಲ. ಹೆಚ್ಚು ಸೋಂಕಿನ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂದು ಗುರುತಿಸಿದ್ದರಿಂದ 2003ರಲ್ಲಿ ಆರಂಭವಾದ ಎಚ್‌ಐವಿ ತಡೆಯ ಆವಾಹನ್ ಯೋಜನೆ ಇಲ್ಲಿಗೂ ಬಂತು. ಅದೇ ವರ್ಷ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಜೊತೆಗೂಡಿ ಈ ಭಾಗದ ಲೈಂಗಿಕ ಕಾರ್ಯಕರ್ತೆಯರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದವು, ಅಧ್ಯಯನ ನಡೆಸಿದವು. ಆ ಹೆಣ್ಣುಮಕ್ಕಳು ತಮ್ಮ ಬದುಕಿನ ಅತ್ಯಂತ ಒಳಗಿನ ಪ್ರಶ್ನೆಗಳಿಗೂ ಉತ್ತರ ಕೊಟ್ಟರು, ರಕ್ತ ಕೊಟ್ಟರು, ಅದರಿಂದ ದೇಶ ಕಲಿಯಿತು. ಅವರಿಗೆ ಕೇಳಿದಷ್ಟು ಪ್ರಶ್ನೆಗಳನ್ನು ನಮ್ಮ ಆಸ್ಪತ್ರೆಗಳಿಗೆ ಕೇಳಿಲ್ಲ ಎಂಬುದು ನನ್ನ ನೋವು. ಬೆಂಗಳೂರು ಮತ್ತು ಮುಂಬೈಯ ವೈದ್ಯರು, ನರ್ಸ್‌ಗಳು, ವಾರ್ಡ್ ಸಿಬ್ಬಂದಿಯ ಮನಸ್ಸಿನಲ್ಲಿರುವ ಕಳಂಕದ ಭಾವನೆಯನ್ನು ಅಳೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು, ಆ ಭಾವನೆ ಆಳವಾಗಿ, ವ್ಯಾಪಕವಾಗಿ ಇರುವುದನ್ನು ಅದು ಕಂಡಿತು. ಅಂಥದ್ದು ಹುಬ್ಬಳ್ಳಿ-ಧಾರವಾಡಕ್ಕೆ ಬೇಕು. ಅದಕ್ಕೆ ಹೊರದೇಶದ ಹಣ ಬೇಕಿಲ್ಲ. ನಮ್ಮಲ್ಲಿ ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳೆಲ್ಲರೂ ಪದವಿಗಾಗಿ ಪ್ರಬಂಧ ಬರೆಯಲೇಬೇಕು. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡಗಳ ರೋಗಿಗಳು ಬರುವುದೂ ಈ ಊರಿಗೇ. ಸಮುದಾಯ ವೈದ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಶಸ್ತ್ರಚಿಕಿತ್ಸಾ ವಿಭಾಗಗಳ ಒಬ್ಬೊಬ್ಬ ವಿದ್ಯಾರ್ಥಿ ವರ್ಷಕ್ಕೊಂದರಂತೆ ಈ ಅಂತರಗಳಲ್ಲಿ ಒಂದನ್ನು ಕೈಗೆತ್ತಿಕೊಂಡರೂ ಸಾಕು. ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಬಂದ ರೋಗಿಗಳಲ್ಲಿ ಎಷ್ಟು ಜನರಿಗೆ ಜ್ವರ, ಎಷ್ಟು ಜನರಿಗೆ ಭೇದಿ ಎಂದು ಮತ್ತೆ ಮತ್ತೆ ಎಣಿಸುವ ಬದಲು, ಬಾಗಿಲಲ್ಲೇ ತಿರುಗಿ ಹೋದವರನ್ನು ಎಣಿಸಲು ಹೇಳಿ.

ಕ್ಷಯದ ಮಾತನ್ನೂ ಬಿಡುವಂತಿಲ್ಲ, ಎಚ್‌ಐವಿ ಇರುವವರನ್ನು ಜಗತ್ತಿನಲ್ಲಿ ಅತಿ ಹೆಚ್ಚು ಕೊಲ್ಲುತ್ತಿರುವುದು ಅದೇ. ದಕ್ಷಿಣ ಆಫ್ರಿಕಾದ ಟುಗೆಲಾ ಫೆರಿ ಎಂಬ ಊರಿನ ಆಸ್ಪತ್ರೆಯಲ್ಲಿ ಔಷಧಗಳಿಗೆ ಬಗ್ಗದ ಕ್ಷಯ ಪತ್ತೆಯಾದ 53 ಮಂದಿಯಲ್ಲಿ 52 ಮಂದಿ ತೀರಿಹೋದರು. ಅವರಲ್ಲಿ ಎಚ್‌ಐವಿ ಪರೀಕ್ಷೆಯಾದ ಎಲ್ಲರೂ ಪಾಸಿಟಿವ್ ಇದ್ದರು, ಹಲವರಿಗೆ ಆಸ್ಪತ್ರೆಯೊಳಗೇ ಸೋಂಕು ಹಬ್ಬಿರುವ ಕುರುಹುಗಳಿದ್ದವು ಎಂದು 2006ರಲ್ಲಿ ವರದಿಯಾಯಿತು. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳ ಕೋಣೆಗಳಲ್ಲಿ ಗಾಳಿಯ ಓಡಾಟ ಅಳೆದವರು 2007ರಲ್ಲಿ ಹೇಳಿದ್ದು ನನಗೆ ಬಹಳ ಹಿಡಿಸಿತು: ಎತ್ತರದ ಛಾವಣಿ, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳಲ್ಲಿ, ಕಿಟಕಿ ತೆರೆದಿಟ್ಟರೆ, ಹೊಸ ಕಟ್ಟಡಗಳಿಗಿಂತ ಗಾಳಿ ಚೆನ್ನಾಗಿ ಆಡುತ್ತದೆ. ನಾನು ಕೆಲಸ ಕಲಿತ ಹಳೆಯ ವಾರ್ಡಿನಲ್ಲಿ ಆಳೆತ್ತರದ ಕಿಟಕಿಗಳಿದ್ದವು, ಜೂನ್ ತಿಂಗಳಲ್ಲಿ ಮಳೆಗಾಳಿ ಹಾಸಿಗೆಯ ಮೇಲೆಯೇ ಬೀಸುತ್ತಿತ್ತು. ಈಗ ಅದೇ ಜಾಗಗಳಲ್ಲಿ ಗಾಜು ಮುಚ್ಚಿ ಎಸಿ ಹಾಕಿದ ಕಾಯುವ ಕೋಣೆಗಳಾಗಿವೆ. ಕೆಮ್ಮುವವರೂ, ಎಆರ್‌ಟಿ ಮಾತ್ರೆಗೆ ಬಂದವರೂ, ಮಗು ಎತ್ತಿಕೊಂಡವರೂ ಅಲ್ಲಿ ಗಂಟೆಗಟ್ಟಲೆ ಒಟ್ಟಿಗೆ ಕೂರುತ್ತಾರೆ. ಕೆಮ್ಮುವವರನ್ನು ಸಾಲಿನಿಂದ ಬೇಗ ಕರೆಯುವುದು, ಮಾಸ್ಕ್ ಕೊಡುವುದು, ಒಂದು ಕಿಟಕಿ ತೆರೆಯುವುದು, ಇವಕ್ಕೆ ಅನುದಾನದ ಕಡತ ಬೇಕಿಲ್ಲ.

ಇದನ್ನೆಲ್ಲ ಈಗಲೇ ಹೇಳುವ ಅವಸರಕ್ಕೆ ಇನ್ನೊಂದು ಕಾರಣವಿದೆ. ಲೆನಕ್ಯಾಪವಿರ್ ಎಂಬ ಚುಚ್ಚುಮದ್ದನ್ನು ಆರು ತಿಂಗಳಿಗೊಮ್ಮೆ ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ತಗಲಲಿಲ್ಲ ಎಂಬ ದಕ್ಷಿಣ ಆಫ್ರಿಕಾ ಮತ್ತು ಉಗಾಂಡದ ಫಲಿತಾಂಶ 2024ರಲ್ಲಿ ಬಂತು. 2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿದೆ, ಜೆನೆರಿಕ್ ತಯಾರಿಸಲು ಭಾರತದ ಕಂಪನಿಗಳೂ ಪರವಾನಗಿ ಪಡೆದಿವೆ. ಆ ಔಷಧ ಇಂದಲ್ಲ ನಾಳೆ ನಮ್ಮ ಊರಿಗೂ ಬಂದೀತು. ಅದನ್ನು ಹಾಕಿಸಿಕೊಳ್ಳಲು ಜನ ವರ್ಷಕ್ಕೆ ಎರಡು ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು. ಕೆಂಪು ಶಾಯಿಯ ಕೇಸ್ ಶೀಟಿನ ಸುದ್ದಿ ಕೇಳಿದ ಹೆಣ್ಣುಮಗಳು ಆ ಮೆಟ್ಟಿಲು ಹತ್ತುತ್ತಾಳೆಂದು ನನಗನಿಸುವುದಿಲ್ಲ.

ವೈದ್ಯರ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಒಂದೇ ಪಾಳಿಯಲ್ಲಿ ಎಪ್ಪತ್ತು ರೋಗಿಗಳನ್ನು ನೋಡಿ, ನಿದ್ದೆಯಿಲ್ಲದೆ ಹೊಲಿಗೆ ಹಾಕುವ ಕಿರಿಯ ವೈದ್ಯರ ಕೈ ನಡುಗುವುದನ್ನು ಹತ್ತಿರದಿಂದ ನೋಡಿದ್ದೇನೆ. ಅವರಿಗೆ ಒಳ್ಳೆಯ ಕೈಗವಸು, ಕಣ್ಣಿಗೆ ಕನ್ನಡಕ, ಸೂಜಿ ಹಾಕಲು ಖಾಲಿ ಶಾರ್ಪ್ಸ್ ಡಬ್ಬಿ, ಕ್ಯಾಶುವಾಲ್ಟಿಯಲ್ಲೇ ಇರುವ ಪಿಇಪಿ ಕೊಟ್ಟರೆ ರೋಗಿಯನ್ನು ಹೊರಗೆ ಕಳಿಸುವ ಕಾರಣ ಅರ್ಧಕ್ಕರ್ಧ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ. ಅವರ ಸುರಕ್ಷತೆಯ ಲೆಕ್ಕವೂ ರೋಗಿಯ ಹಕ್ಕಿನ ಲೆಕ್ಕವೂ ಒಂದೇ ವಹಿಯಲ್ಲಿ ಇರಬೇಕೆಂದು ನಾನು ಹೇಳುವುದು ಅದಕ್ಕೇ.

ಜಿಲ್ಲಾಧಿಕಾರಿಗಳೇ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಪಿಇಪಿ ಮಾತ್ರೆ ದಿನದ 24 ಗಂಟೆಯೂ ಕ್ಯಾಶುವಾಲ್ಟಿಯಲ್ಲೇ, ಪಾಳಿಯಲ್ಲಿರುವ ನರ್ಸ್ ಕೈಗೆ ಸಿಗುವಂತೆ ಇರಬೇಕೆಂದು ತಾವು ಸುತ್ತೋಲೆ ಹೊರಡಿಸಬಹುದು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಆರೋಗ್ಯ ಸಂಸ್ಥೆಯಲ್ಲಿ ದೂರು ಅಧಿಕಾರಿ ಇರಬೇಕೆಂದು 2017ರ ಕಾಯ್ದೆ ಹೇಳಿದೆ. ಆ ಅಧಿಕಾರಿ ಯಾರೆಂದು ಹೊರರೋಗಿ ವಿಭಾಗದ ಗೋಡೆಯ ಮೇಲೆ ಕನ್ನಡದಲ್ಲಿ, 1097 ಸಹಾಯವಾಣಿಯ ಜೊತೆಗೆ, ಬರೆಸಬಹುದು. ಕೇಸ್ ಶೀಟಿನ ಹೊರಗೆ ಎಚ್‌ಐವಿ ಎಂದು ಬರೆಯುವುದನ್ನು ನಾಳೆಯಿಂದಲೇ ನಿಲ್ಲಿಸಬಹುದು. ರೆಫರ್ ಚೀಟಿಯಲ್ಲಿ ನಿಜವಾದ ವೈದ್ಯಕೀಯ ಕಾರಣ ಬರೆಯದಿದ್ದರೆ ವಿವರಣೆ ಕೇಳಬಹುದು. ಲೆಕ್ಕ ಕೂಡಿಸುವಾಗ ಮಾತ್ರ ರೋಗಿಯ ಹೆಸರು, ಊರು, ಫೋನು ಯಾವುದೂ ಜಿಲ್ಲಾ ಮಟ್ಟಕ್ಕೆ ಬರಬಾರದು. ವಯಸ್ಸು, ಸ್ತ್ರೀಯೋ ಪುರುಷರೋ, ಹೊತ್ತು, ದಿನ, ಇಷ್ಟು ಸಾಕು. ಗುಟ್ಟು ಒಡೆದರೆ ಮರುದಿನದಿಂದ ಯಾರೂ ನಿಜ ಹೇಳುವುದಿಲ್ಲ.

ಬೆರಳಿಗೆ ಸೂಜಿ ಚುಚ್ಚಿಸಿಕೊಂಡ ಆ ಹುಡುಗಿ 28 ದಿನ ವಾಕರಿಕೆ ತಾಳಿಕೊಂಡು ಮಾತ್ರೆ ಮುಗಿಸಿದಳು. ಆರು ವಾರ, ಮೂರು ತಿಂಗಳು, ಆರು ತಿಂಗಳ ಪರೀಕ್ಷೆಗಳೆಲ್ಲ ನೆಗೆಟಿವ್ ಬಂದವು. ಪ್ರತಿ ಪರೀಕ್ಷೆಯ ದಿನವೂ ಅವಳ ಅರ್ಧ ದಿನದ ಕೂಲಿ ಕಡಿತವಾಯಿತು. ನಿವೃತ್ತಿಗೆ ಮುಂಚೆ ನಾನು ಆ ವಹಿಗಾಗಿ ಒಂದು ನಮೂನೆ ಮಾಡಿದ್ದೆ, ಒಂದೇ ಹಾಳೆ, ಏಳು ಅಂಕಣ, ತುಂಬಲು ಎರಡು ನಿಮಿಷ ಸಾಕು. ಅದನ್ನು ಈ ಪತ್ರದ ಪ್ರತಿಯೊಂದಿಗೆ ತಮ್ಮ ಕಚೇರಿಗೆ ತಲುಪಿಸುತ್ತಿದ್ದೇನೆ. ತಾವು ಸಭೆ ಕರೆದರೆ, ಅಂಕಣಗಳನ್ನು ಹೇಗೆ ತುಂಬಬೇಕೆಂದು ರಾತ್ರಿ ಪಾಳಿಯ ನರ್ಸ್‌ಗಳಿಗೂ ಸ್ವಚ್ಛತಾ ಸಿಬ್ಬಂದಿಗೂ ಹೇಳಿಕೊಡಲು ನಾನು ಯಾವ ಆಸ್ಪತ್ರೆಗಾದರೂ ಬರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ, ಹುಬ್ಬಳ್ಳಿ